ಆಲೂರು ಸೀಮೆಯ ಹಳೇ ಟ್ರಾನ್ಸಿಸ್ಟರುಗಳು: ಗುರುತು, ಜೋಪಾನ, ದಾಖಲೆ

1953ರ ಅಕ್ಟೋಬರ್ 1ರಂದು ಹಳೇ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಕಚೇರಿಯ ಭಾಷೆ ಬದಲಾಯಿತು. ಆದರೆ ರೇಡಿಯೋ ಅಲೆಗೆ ಗಡಿಕಲ್ಲು ಇರಲಿಲ್ಲ. ಈ ಸೀಮೆಯ ಮನೆಗಳಿಗೆ ಕನ್ನಡದ ವಾರ್ತೆ, ನಾಟಕ, ಹಾಡು ಗಾಳಿಯಲ್ಲೇ ಬಂದವು. ಅಟ್ಟದ ಮೇಲಿನ ಹಳೇ ಸೆಟ್ಟನ್ನು ಗುಜರಿಗೆ ಹಾಕುವ ಮೊದಲು ಸದಸ್ಯರು ಇದನ್ನು ನೆನೆಯಬೇಕು.

ಕೇಂದ್ರಗಳು

ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಪ್ರಯತ್ನದಿಂದ ಬಾನುಲಿ ಕೇಂದ್ರ ಆರಂಭಿಸಿದರು. 'ಆಕಾಶವಾಣಿ' ಎಂಬ ಅದರ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂತು. ಧಾರವಾಡ ಕೇಂದ್ರ 1950ರಲ್ಲಿ, ಬೆಂಗಳೂರು ಕೇಂದ್ರ 1955ರಲ್ಲಿ, ಕಲಬುರಗಿ ಕೇಂದ್ರ 1966ರಲ್ಲಿ ಶುರುವಾದವು. ವರಕವಿ ಬೇಂದ್ರೆಯವರು ಧಾರವಾಡ ಕೇಂದ್ರದ ಸಾಹಿತ್ಯ ಸಲಹೆಗಾರರಾಗಿದ್ದರು.

ಟ್ರಾನ್ಸಿಸ್ಟರು ಏಕೆ ಹಬ್ಬಿತು

ಮೊದಲಿನ ವಾಲ್ವ್ ರೇಡಿಯೋಗೆ ಕರೆಂಟು ಬೇಕು, ಇಲ್ಲವೇ ಭಾರದ ಬ್ಯಾಟರಿ ಬೇಕು. ಟ್ರಾನ್ಸಿಸ್ಟರ್ ಕಂಡುಹಿಡಿದದ್ದು 1947ರಲ್ಲಿ. ಅದನ್ನು ಬಳಸಿದ ಮೊದಲ ಕಿರು ರೇಡಿಯೋ ಅಮೆರಿಕದಲ್ಲಿ 1954ರಲ್ಲಿ ಮಾರಾಟಕ್ಕೆ ಬಂತು. ಮುಂದೆ ಮರ್ಫಿ, ಬುಷ್, ಫಿಲಿಪ್ಸ್, ನೆಲ್ಕೋ ಸೆಟ್ಟುಗಳು ನಮ್ಮ ಹಳ್ಳಿಗಳಿಗೂ ಬಂದವು. ಕೆಲವು ಸೆಲ್ಲು ಹಾಕಿದರೆ ಸಾಕು, ಕರೆಂಟಿಲ್ಲದ ಹೊಲದಲ್ಲೂ ಮಾತಾಡುತ್ತಿದ್ದವು.

ಮುಳ್ಳು ಎಲ್ಲಿಡಬೇಕು, ಸೆಟ್ಟು ಎತ್ತ ತಿರುಗಿಸಬೇಕು

ಹಳೇ ಡಯಲ್ಲಿನಲ್ಲಿ ಅಂಕಿ ಮೀಟರಿನಲ್ಲಿರುವುದುಂಟು. 3,00,000ವನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿದರೆ ಮೀಟರು ಸಿಗುತ್ತದೆ. ಧಾರವಾಡದ 765 ಕಿಲೋಹರ್ಟ್ಸ್ ಎಂದರೆ 392 ಮೀಟರು. ಬೆಂಗಳೂರಿನ 612 ಎಂದರೆ 490. ಕಲಬುರಗಿಯ 1107 ಎಂದರೆ 271.

ಸೆಟ್ಟಿನೊಳಗೆ ಉದ್ದಕ್ಕೆ ಮಲಗಿರುವ ಕಪ್ಪು ಫೆರೈಟ್ ಕಡ್ಡಿಯೇ ಮೀಡಿಯಂ ವೇವಿನ ಏರಿಯಲ್. ಅದರ ತುದಿ ಕೇಂದ್ರದ ಕಡೆಗಿದ್ದರೆ ಸದ್ದು ಕುಗ್ಗುತ್ತದೆ, ಮಗ್ಗುಲು ಆ ಕಡೆಗಿದ್ದರೆ ಏರುತ್ತದೆ. ಆಲೂರಿಗೆ ಧಾರವಾಡ ಹೆಚ್ಚುಕಡಿಮೆ ನೇರ ಪಡುವಣಕ್ಕಿದೆ, ಬೆಂಗಳೂರು ತೆಂಕಣಕ್ಕೆ, ಕಲಬುರಗಿ ಬಡಗಣಕ್ಕೆ. ಆದ್ದರಿಂದ ಧಾರವಾಡ ಕೇಳಲು ಸೆಟ್ಟಿನ ಮುಖ ಪಡುವಣಕ್ಕಿರಬೇಕು. ಬೆಂಗಳೂರು ಬೇಕೆಂದರೆ ತೆಂಕಣಕ್ಕೆ ತಿರುಗಿಸಬೇಕು. ಹಿರಿಯರು ರೇಡಿಯೋವನ್ನು ಗೂಡಿನಲ್ಲಿ ಅತ್ತಿತ್ತ ತಿರುಗಿಸಿ ಇಡುತ್ತಿದ್ದುದು ಸುಮ್ಮನೆ ಅಲ್ಲ. ಹಗಲು ಮೇಲಿನ ವಾಯುಮಂಡಲದ ಒಂದು ಪದರ ಮೀಡಿಯಂ ವೇವನ್ನು ಹೀರುತ್ತದೆ; ರಾತ್ರಿ ಅದು ಕರಗಿ, ದೂರದ ಕೇಂದ್ರಗಳೂ ಕೇಳಿಸುತ್ತವೆ.

ಜೋಪಾನ

* ಮೊದಲು ಸೆಲ್ಲು ತೆಗೆಯಿರಿ. ಸೋರಿದ ಸೆಲ್ಲು ತಗಡನ್ನು ತಿಂದುಹಾಕುತ್ತದೆ.
* ಹಳೇ ಜರ್ಮೇನಿಯಂ ಸೆಟ್ಟುಗಳಲ್ಲಿ ಬ್ಯಾಟರಿಯ ಧನ ತುದಿ ಚಾಸಿಸ್‌ಗೆ ಸೇರಿರುವುದು ಸಾಮಾನ್ಯ. ಅಡಾಪ್ಟರನ್ನು ತಿರುವುಮುರುವಾಗಿ ಕೊಟ್ಟರೆ ಟ್ರಾನ್ಸಿಸ್ಟರು ಸುಡುತ್ತದೆ.
* ವಾಲ್ಯೂಮ್ ತಿರುಗಿಸಿದಾಗ ಗರಗರ ಎಂದರೆ ಧೂಳು ಕಾರಣವಿರಬಹುದು. ಕಾಂಟ್ಯಾಕ್ಟ್ ಕ್ಲೀನರ್ ಸಾಕಾಗಬಹುದು. ಸದ್ದು ತೀರ ಕ್ಷೀಣವಾಗಿದ್ದರೆ ಒಣಗಿದ ಕಂಡೆನ್ಸರುಗಳನ್ನು ನೋಡಿಸಿ.
* ವಾಲ್ವ್ ಸೆಟ್ಟನ್ನು ನೇರ ಪ್ಲಗ್ಗಿಗೆ ಹಾಕಬೇಡಿ. ತಿಳಿದವರೇ ಬಿಚ್ಚಲಿ.
* ಚರ್ಮದ ಚೀಲ, ಡಯಲ್ ಗಾಜು, ಮೂಲ ಗುಬುಟುಗಳನ್ನು ಬದಲಿಸಬೇಡಿ. ಸಂಗ್ರಾಹಕರು ಬೆಲೆ ಕಟ್ಟುವುದು ಅವಕ್ಕೇ.

ದಾಖಲೆ

ಆಗ ರೇಡಿಯೋಗೆ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಬೇಕಿತ್ತು. ಆ ಪುಸ್ತಕ ಸಿಕ್ಕರೆ ಎಸೆಯಬೇಡಿ. ಅದರ ಮೇಲಿನ ಊರು, ತಾರೀಖಿನ ಮುದ್ರೆ ನಿಮ್ಮ ಮನೆತನದ ಕಾಗದವೂ ಹೌದು.

ಕಡೆಯ ಮಾತು: ಮೀಡಿಯಂ ವೇವ್ ಪ್ರಸಾರ ದೇಶದ ಹಲವೆಡೆ ನಿಂತಿದೆ. ಸೆಟ್ಟನ್ನು ರಿಪೇರಿ ಮಾಡಿಸಬಹುದು, ಅದರಲ್ಲಿ ಕೇಳಿದ್ದನ್ನು ಹೇಳುವವರು ಮತ್ತೆ ಸಿಗರು. ಯಾರು ಕೊಂಡದ್ದು, ಯಾವ ಕೇಂದ್ರ ಕೇಳುತ್ತಿದ್ದರು, ಯಾರೆಲ್ಲ ಬಂದು ಕೂರುತ್ತಿದ್ದರು ಎಂದು ಮನೆಯ ಹಿರಿಯರನ್ನು ಈಗಲೇ ಕೇಳಿ, ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಸೆಟ್ಟಿನೊಂದಿಗೆ ಇಡಿ.