ಸ್ಟ್ರೆಪ್ಟೊಕಾಕಸ್ ಕುಲದಲ್ಲಿ ಪ್ರಕ್ಷೇಪ

1918ನೆಯ ಇಸವಿಯ ಉತ್ತರಾರ್ಧದಲ್ಲಿ ಮೈಸೂರು ಸಂಸ್ಥಾನವನ್ನು ವ್ಯಾಪಿಸಿದ ಇನ್‌ಫ್ಲುಯೆಂಜಾ ಜ್ವರಕ್ಕೆ ಬಲಿಯಾದವರ ಸಂಖ್ಯೆ ಲಕ್ಷವನ್ನು ಮೀರಿತು. ಆಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದುವು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿಯು ಹೊನ್ನಾಳಿಗೆ ಸೇರಿದ ಪೇಟೆಯಾಗಿದ್ದಿತು. (ಈ ನಾಲ್ಕೂ ದಾವಣಗೆರೆ ಜಿಲ್ಲೆಯೊಳಕ್ಕೆ ಬಂದುದು 1997ರಲ್ಲಿ.) 1911ರ ಜನಗಣತಿಯಲ್ಲಿ ಸುಮಾರು 58 ಲಕ್ಷವಿದ್ದ ಸಂಸ್ಥಾನದ ಪ್ರಜಾಸಂಖ್ಯೆಯು 1921ರಲ್ಲಿ 60 ಲಕ್ಷವನ್ನೂ ಮುಟ್ಟಲಿಲ್ಲ. ಜ್ವರವೇ ಕೊಂದಿತೆಂದು ಲೋಕವು ಹೇಳಿತು. ಆದರೆ ಅಂದಿನ ಶವಪರೀಕ್ಷೆಯ ದಾಖಲೆಗಳನ್ನೂ ಕಾಪಾಡಿಟ್ಟಿದ್ದ ಶ್ವಾಸಕೋಶದ ತುಣುಕುಗಳನ್ನೂ 2008ರಲ್ಲಿ ಪುನಃ ಪರಿಶೀಲಿಸಿದ ಅಮೆರಿಕದ ವಿದ್ವಾಂಸರು, ಮೃತ್ಯುವಿಗೆ ಬಹುಮಟ್ಟಿಗೆ ಕಾರಣವಾದುದು ಜ್ವರದ ಬೆನ್ನಿಗೆ ಬಂದ ನ್ಯುಮೋನಿಯಾ ಎಂದು ತೋರಿಸಿದರು. ಅದನ್ನುಂಟುಮಾಡಿದ ಸೂಕ್ಷ್ಮಾಣುಗಳಲ್ಲಿ ನ್ಯುಮೊಕಾಕಸ್ಸೂ ಅದರ ದಾಯಾದಿಗಳಾದ ಇತರ ಸ್ಟ್ರೆಪ್ಟೊಕಾಕಸ್‌ಗಳೂ ಮುಖ್ಯವಾದುವು.

ಸ್ಟ್ರೆಪ್ಟೊಕಾಕಸ್ಸೆಂದರೆ ಮಣಿಸರದಂತೆ ಸಾಲುಗಟ್ಟಿ ಬೆಳೆಯುವ ಗೋಲಾಕಾರದ ಸೂಕ್ಷ್ಮಾಣು. ಇದರ ವಂಶಚರಿತ್ರೆಯು ಅಂದುಕೊಂಡಷ್ಟು ಸರಳವಲ್ಲವೆಂಬುದು ಮೊದಲು ಹೊರಬಿದ್ದುದು ನ್ಯುಮೋನಿಯಾದ ವ್ಯಾಸಂಗದಿಂದಲೇ. ಲಂಡನ್ನಿನಲ್ಲಿ ಆರೋಗ್ಯ ಇಲಾಖೆಯ ಪ್ರಯೋಗಶಾಲೆಯಲ್ಲಿದ್ದ ಫ್ರೆಡರಿಕ್ ಗ್ರಿಫಿತ್ ಎಂಬುವರು, ಕವಚವುಳ್ಳ ಮಾರಕವಾದ ನ್ಯುಮೊಕಾಕಸ್ಸನ್ನು ಕಾಯಿಸಿ ಕೊಂದು, ಕವಚವಿಲ್ಲದ ನಿರಪಾಯಕರವಾದ ಜೀವಂತ ಬಗೆಯೊಡನೆ ಬೆರೆಸಿ ಇಲಿಗಳಿಗೆ ಚುಚ್ಚಿದರು. ಇಲಿಗಳು ಸತ್ತುವು, ಅವುಗಳ ರಕ್ತದಲ್ಲಿ ದೊರೆತುದು ಕವಚವುಳ್ಳ ಜೀವಂತ ಸೂಕ್ಷ್ಮಾಣು! ಇದು 1928ರಲ್ಲಿ ಪ್ರಕಟವಾಯಿತು. ಸತ್ತುದರಿಂದ ಬದುಕಿದ್ದುದಕ್ಕೆ ದಾಟಿದ ವಸ್ತುವು ಡಿ.ಎನ್.ಎ. ಎಂದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಏವರಿ, ಮ್ಯಾಕ್‌ಲಿಯಾಡ್, ಮೆಕಾರ್ಟಿ ಎಂಬ ಮೂವರು ಸಿದ್ಧಪಡಿಸಿದುದು 1944ರಲ್ಲಿ. ವಂಶವಾಹಿಯ ಸ್ವರೂಪವು ಮನುಷ್ಯನಿಗೆ ತಿಳಿದುದು ಈ ಹಾದಿಯಿಂದ.

ಅದೇ ಸಂಸ್ಥೆಯಲ್ಲಿ 1933ರಲ್ಲಿ ರೆಬೆಕ್ಕಾ ಲ್ಯಾನ್ಸ್‌ಫೀಲ್ಡ್ ಎಂಬ ವಿದುಷಿಯು ಸ್ಟ್ರೆಪ್ಟೊಕಾಕಸ್‌ಗಳನ್ನು ಅವುಗಳ ಗೋಡೆಯ ರಚನೆಯನ್ನನುಸರಿಸಿ ಎ, ಬಿ, ಸಿ ಮುಂತಾದ ಗುಂಪುಗಳಾಗಿ ವಿಂಗಡಿಸಿದ್ದರು. ಎ ಗುಂಪಿನದು ಗಂಟಲ ಬೇನೆಯನ್ನೂ, ಅದರ ಹಿಂದೆಯೇ ಮಕ್ಕಳ ಹೃದಯದ ಕವಾಟಗಳನ್ನು ಕೆಡಿಸುವ ಸಂಧಿವಾತಜ್ವರವನ್ನೂ ತರಬಲ್ಲದು. ಈ ವಿಂಗಡಣೆಯಿಂದಾದ ಉಪಕಾರವು ಅಪಾರವಾದುದು. ಆದರೆ ಗುಂಪೆಂದರೆ ಬೆರಕೆಯಿಲ್ಲದ ವಂಶವೆಂದು ಭಾವಿಸುವುದು ದುಡುಕು.

ಗ್ರಂಥಸಂಪಾದನೆಯಲ್ಲಿ ಕೈಯಾಡಿಸಿದವರಿಗೆ ಈ ತೊಡಕು ಹೊಸದಲ್ಲ. ಲಿಪಿಕಾರನ ಮುಂದೆ ಎರಡು ಮಾತೃಕೆಗಳಿದ್ದರೆ, ಒಂದು ಶಾಖೆಯ ಓಲೆಗರಿಯಲ್ಲಿ ಮತ್ತೊಂದು ಶಾಖೆಯ ಪದ್ಯಗಳು ನುಸುಳುತ್ತವೆ; ಪ್ರತಿಗಳ ವಂಶವೃಕ್ಷವನ್ನು ಬರೆಯಹೊರಟವನು ಅಲ್ಲಿ ಎಡವುತ್ತಾನೆ. ಸ್ಟ್ರೆಪ್ಟೊಕಾಕಸ್‌ಗಳಲ್ಲಿ ಈ ಪ್ರಕ್ಷೇಪವು ಎದ್ದುಕಾಣುವ ಒಂದು ಸ್ಥಳವೆಂದರೆ ಅಂಟಿಕೊಳ್ಳುವ ಶಕ್ತಿಯನ್ನು ಕೊಡುವ ವಂಶವಾಹಿಗಳು. ಗಂಟಲಿಗೆ ಬಂದ ಸೂಕ್ಷ್ಮಾಣುವನ್ನು ಎಂಜಲು ಕೊಚ್ಚಿಕೊಂಡು ಹೋಗಬೇಕಷ್ಟೆ. ಹಾಗಾಗದಂತೆ ಅದು ಮನುಷ್ಯದೇಹದ್ದೇ ಆದ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನನ್ನು ಹಿಡಿದುಕೊಂಡು ಅದರ ಮೂಲಕ ಜೀವಕೋಶಕ್ಕೆ ಅಂಟುತ್ತದೆ. ಹೀಗೆ ಹಿಡಿಯುವ ಒಂದು ಅಂಗದ ವಂಶವಾಹಿಯನ್ನು ಪರೀಕ್ಷಿಸಿದಾಗ, ಅದು ಬೇರೆಬೇರೆ ಮೂಲದ ತುಂಡುಗಳನ್ನು ಹೊಲಿದ ಕೌದಿಯಂತಿರುವುದು ಕಂಡುಬಂದಿತು. ಎ ಗುಂಪಿಗೂ ಜಿ ಗುಂಪಿಗೂ ನಡುವೆ ಇಂತಹ ತುಂಡುಗಳು ದಾಟಿರುವುದನ್ನು 2004ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯು ತೋರಿಸಿತು. ಆದುದರಿಂದ ಗುಂಪಿನ ಅಕ್ಷರವನ್ನು ಮಾತ್ರ ನೋಡಿ, ಎ ಅಲ್ಲದುದೆಲ್ಲವೂ ಸಾಧುವೆಂದು ಕೈಬಿಡುವುದು ವೈದ್ಯನಿಗೆ ತಕ್ಕುದಲ್ಲ.

ಈ ದಾಟುವಿಕೆಗೆ ಮನುಷ್ಯನ ಗಂಟಲೊಂದೇ ಕ್ಷೇತ್ರವಲ್ಲ. ಚನ್ನಗಿರಿ, ಜಗಳೂರು ಕಡೆಯ ಹಳೆಯ ಮನೆಗಳಲ್ಲಿ ಕೊಟ್ಟಿಗೆಯೂ ಮನುಷ್ಯರ ವಾಸವೂ ಒಂದೇ ಸೂರಿನ ಕೆಳಗಿದ್ದುವು. ಹಸುವಿನ ಕೆಚ್ಚಲು ಬಾವು ಅಲ್ಲಿನ ಒಕ್ಕಲಿಗೆ ಚಿರಪರಿಚಿತವಾದ ರೋಗ. ಅದಕ್ಕೆ ಕಾರಣವಾಗುವ ಸೂಕ್ಷ್ಮಾಣುಗಳಲ್ಲಿ ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಅಗಲ್ಯಾಕ್ಟಿಯೆ ಒಂದು. ‘ಹಾಲಿಲ್ಲದ’ ಎಂದು ಆ ಗ್ರೀಕ್ ಹೆಸರಿನ ಅರ್ಥ. ನವಜಾತ ಶಿಶುಗಳಿಗೂ ಅದರಿಂದ ಪ್ರಾಣಾಪಾಯವುಂಟು. ಹಸುವಿನಿಂದ ತೆಗೆದ ಒಂದು ಬಗೆಯ ಸಮಗ್ರ ವಂಶವಾಹಿಪಾಠವನ್ನು 2011ರಲ್ಲಿ ಓದಿದಾಗ, ಕೆಚ್ಚಲಲ್ಲಿ ನೆಲಸುವ ಇತರ ಸ್ಟ್ರೆಪ್ಟೊಕಾಕಸ್‌ಗಳಿಂದ ಬಂದ ಹಲವು ಭಾಗಗಳು ಅದರಲ್ಲಿ ಸಿಕ್ಕಿದುವು. ಹಾಲಿನ ಸಕ್ಕರೆಯನ್ನು ಜೀರ್ಣಿಸಿಕೊಳ್ಳಲು ಬೇಕಾದ ವಂಶವಾಹಿಗಳೂ ಅವುಗಳಲ್ಲಿದ್ದುವು.