ದಂಡಿಯಿಂದ ಮರಳಿದ ಮೇಲೆ

ಪ್ರಿಯ ವಿದ್ಯಾರ್ಥಿಗಳೇ,

ಮದ್ದೂರಿನಿಂದ ಮಾದಪ್ಪನ ಬೆಟ್ಟಕ್ಕೆ ನಡೆದುಹೋದಾಗ ನನಗೆ ಹೆಗಲಚೀಲವೊಂದೇ ಸಾಕಾಗಿತ್ತು. ಮರಳಿದ ವಾರದೊಳಗೆ ಮತ್ತೆ ಎಲ್ಲವೂ ಬೇಕೆನಿಸಿತು. ಆಗ ನೆನಪಾದವರು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು.

1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ 24 ದಿನ, ಸುಮಾರು 240 ಮೈಲಿ ನಡೆದ ಏಕೈಕ ಕನ್ನಡಿಗರವರು. ಆಗಿನ್ನೂ ಹದಿನೆಂಟರ ತರುಣ. ಯಾತ್ರಿಗಳು ನಿತ್ಯವೂ ಪ್ರಾರ್ಥಿಸಬೇಕು, ನೂಲಬೇಕು, ದಿನಚರಿ ಬರೆಯಬೇಕು ಎಂಬುದು ನಿಯಮ. ಸೆರೆವಾಸ ಮುಗಿಸಿ ನಾಡಿಗೆ ಮರಳಿದ ಮೇಲೂ ಅವರು ಸುಖವನ್ನರಸಲಿಲ್ಲ. ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ, ಪತ್ನಿ ಸಿದ್ದಮ್ಮನವರೊಡನೆ ಖಾದಿ ಹಾಗೂ ಗ್ರಾಮಸೇವೆಯಲ್ಲಿ ಸರಳವಾಗಿ ಬಾಳಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು.

ತರಗತಿಯಲ್ಲಿ ನಿಮಗೆ ದಂಡಿಯ ದಿನಾಂಕಗಳನ್ನಷ್ಟೇ ಬರೆಸಿದೆ. ಆ ನಡಿಗೆಯ ನಂತರದ ಹದಿಮೂರು ವರ್ಷಗಳ ಬಾಳನ್ನು ಹೇಳಲಿಲ್ಲ. ಆ ಪಾಠವನ್ನು ಈಗ ನಾನೇ ಕಲಿಯುತ್ತಿದ್ದೇನೆ.