ವಿದೇಶದ ಬಾಡಿಗೆದಾರರು ‘ಸ್ಕ್ಯಾನ್ ಮಾಡಿ, ಪಿನ್ ಹಾಕಿ, ಹಣ ಬರುತ್ತದೆ’ ಎಂದರೆ ನಂಬಬಹುದೇ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ, ದೊಡ್ಡ ಮನೆಯಲ್ಲಿ ಹಿರಿಯರಿಬ್ಬರೇ ಉಳಿದಿರುವುದು ಹೊಸ ಸಂಗತಿಯಲ್ಲ. ವಾನಳ್ಳಿಯಂಥ ಊರಿನ ತೋಟದ ಮನೆಯ ಒಂದು ಭಾಗವನ್ನಾಗಲಿ, ಪೇಟೆಯಲ್ಲಿ ತಾವೇ ಬಾಡಿಗೆಗೆ ಹಿಡಿದ ಮನೆಯ ಎರಡು ಕೋಣೆಯನ್ನಾಗಲಿ ಬೇರೆಯವರಿಗೆ ಕೊಡಲು ಆನ್‌ಲೈನ್ ಜಾಹೀರಾತು ಹಾಕಿದರೆ, ವಿಚಾರಿಸುವವರು ಎಲ್ಲಿಂದ ಬೇಕಾದರೂ ಬರಬಹುದು. ‘ನಾನು ಕೆನಡಾದಲ್ಲಿದ್ದೇನೆ, ಮುಂದಿನ ತಿಂಗಳು ಬರುತ್ತೇನೆ, ಮುಂಗಡ ಈಗಲೇ ಕಳಿಸುತ್ತೇನೆ’ ಎಂಬ ಮೆಸೇಜ್ ನಿಜವೂ ಇರಬಹುದು, ಬಲೆಯೂ ಇರಬಹುದು. ವ್ಯತ್ಯಾಸ ತಿಳಿಯದಿದ್ದರೆ ಹೋಗುವುದು ಒಂದು ತಿಂಗಳ ಬಾಡಿಗೆಯಲ್ಲ, ಅದೇ ಖಾತೆಯಲ್ಲಿರುವ ಆ ವರ್ಷದ ಅಡಿಕೆಯ ದುಡ್ಡು.

ಈ ವಿಷಯದಲ್ಲಿ ಹೆಚ್ಚು ಕೇಳಿಬರುವ ನಾಲ್ಕು ಮಾತುಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಬೇಕು

ಸುಳ್ಳು. ಯುಪಿಐನಲ್ಲಿ ಪಿನ್ ಬೇಕಾಗುವುದು ನಮ್ಮ ಖಾತೆಯಿಂದ ಹಣ ಹೊರಗೆ ಹೋಗುವಾಗ ಅಥವಾ ಬ್ಯಾಲೆನ್ಸ್ ನೋಡುವಾಗ ಮಾತ್ರ. ಹಣ ಒಳಗೆ ಬರಲು ಪಿನ್ ಬೇಡ, ಒಟಿಪಿ ಬೇಡ, ಸ್ಕ್ಯಾನ್ ಕೂಡ ಬೇಡ. ಬೆಂಗಳೂರಿನಲ್ಲಿ ಸೇನಾಧಿಕಾರಿಯ ಸೋಗು ಹಾಕಿ ಮನೆ ಮಾಲೀಕರನ್ನು ವಂಚಿಸುವ ಪ್ರಕರಣಗಳು ಹಲವು ಬಾರಿ ಸುದ್ದಿಯಾಗಿವೆ. ‘ಮುಂಗಡ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ’ ಎಂಬುದೇ ಅಲ್ಲಿಯ ತಂತ್ರ. ವಿದೇಶದ ಬಾಡಿಗೆದಾರ ಎಂದು ಹೇಳಿಕೊಳ್ಳುವವರದೂ ಅದೇ ದಾರಿ, ವೇಷ ಮಾತ್ರ ಬೇರೆ.

ವಿದೇಶದಲ್ಲಿರುವವರು ಯುಪಿಐ ಬಳಸಲು ಸಾಧ್ಯವೇ ಇಲ್ಲ ಎಂಬುದೂ ತಪ್ಪು. ಅಮೆರಿಕ, ಬ್ರಿಟನ್, ಯುಎಇ, ಸಿಂಗಾಪುರ ಸೇರಿ 10 ದೇಶಗಳ ಮೊಬೈಲ್ ಸಂಖ್ಯೆಗಳನ್ನು ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಗೆ ಜೋಡಿಸಿ ಯುಪಿಐ ಬಳಸಲು 2023ರಲ್ಲಿ ಅವಕಾಶ ಸಿಕ್ಕಿತು. ಹಾಗಾಗಿ ಅನಿವಾಸಿ ಭಾರತೀಯರು ನಿಮ್ಮ ಯುಪಿಐ ಐಡಿಗೆ ನೇರವಾಗಿ ಕಳಿಸಬಹುದು. ವಿದೇಶಿ ಪ್ರವಾಸಿಗಳಿಗೆ ಅದೇ ವರ್ಷ ಆರಂಭವಾದ ಸೌಲಭ್ಯವಾದರೋ, ಅವರು ಭಾರತಕ್ಕೆ ಬಂದ ಮೇಲೆ ಅಂಗಡಿ, ಹೋಟೆಲುಗಳಲ್ಲಿ ಪಾವತಿಸಲೆಂದು ರೂಪಿಸಿದ್ದು.

ನಂಬಿಕೆ 2: ವಿದೇಶಿ ಹಣ ಬಿಡುಗಡೆಯಾಗಲು ಮೊದಲು ತೆರಿಗೆ ಅಥವಾ ಶುಲ್ಕ ಕಟ್ಟಬೇಕು

ಸುಳ್ಳು. ‘ನಿಮ್ಮ ಹಣ ರಿಸರ್ವ್ ಬ್ಯಾಂಕ್‌ನಲ್ಲಿ ತಡೆಹಿಡಿಯಲಾಗಿದೆ, ಕ್ಲಿಯರೆನ್ಸ್‌ಗೆ ಇಷ್ಟು ಕಟ್ಟಿ’ ಎಂಬ ಇಮೇಲ್ ಬಂದರೆ, ಲಾಂಛನ ಎಷ್ಟೇ ಚೆನ್ನಾಗಿರಲಿ, ಅದು ನಕಲಿ. ರಿಸರ್ವ್ ಬ್ಯಾಂಕ್ ಸಾರ್ವಜನಿಕರ ಖಾತೆಗಳನ್ನು ಇಟ್ಟುಕೊಳ್ಳುವುದಿಲ್ಲ, ಇಂಥ ಹಣಕ್ಕಾಗಿ ಯಾರಿಗೂ ಪತ್ರ ಬರೆಯುವುದಿಲ್ಲ ಎಂದು ಅದೇ ಹಲವು ಬಾರಿ ಎಚ್ಚರಿಸಿದೆ. ನಿಜವಾದ ವರ್ಗಾವಣೆಯಲ್ಲಿ ಬ್ಯಾಂಕ್ ಶುಲ್ಕವಿದ್ದರೆ ಬರುವ ಮೊತ್ತದಲ್ಲೇ ಅಥವಾ ನಿಮ್ಮ ಖಾತೆಯಲ್ಲೇ ಕಡಿತವಾಗುತ್ತದೆ. ಅಪರಿಚಿತರ ಖಾತೆಗೆ ನೀವು ಹಣ ಹಾಕುವ ಪ್ರಸಂಗವೇ ಬರುವುದಿಲ್ಲ.

ನಂಬಿಕೆ 3: ಹೆಚ್ಚು ಹಣ ಬಂದರೆ ಕೂಡಲೇ ಹಿಂದಿರುಗಿಸುವುದು ಸಜ್ಜನಿಕೆ

ಹಿಂದಿರುಗಿಸಬೇಕು, ಆದರೆ ನೀವೇ ಕಳಿಸಬಾರದು. ಉದಾಹರಣೆಗೆ, 36,000 ರೂಪಾಯಿ ಮುಂಗಡದ ಬದಲು 96,000 ಬಂದಿದೆ ಎಂದುಕೊಳ್ಳಿ. ‘ಕೈತಪ್ಪಿ ಹೋಯಿತು, ಉಳಿದ 60,000 ನನ್ನ ಗೆಳೆಯನ ಖಾತೆಗೆ ಹಾಕಿ’ ಎಂದು ಒತ್ತಾಯ ಶುರುವಾಗುತ್ತದೆ. ಇದರಲ್ಲಿ ಮೂರು ಸಾಧ್ಯತೆಗಳಿವೆ.

ಒಂದು, ಹಣವೇ ಬಂದಿಲ್ಲ, ಬಂದಿರುವುದು ನಕಲಿ ಎಸ್‌ಎಂಎಸ್ ಅಥವಾ ಸ್ಕ್ರೀನ್‌ಶಾಟ್ ಮಾತ್ರ. ಎರಡು, ಬಂದಿರುವುದು ವಿದೇಶಿ ಚೆಕ್. ಚೆಕ್ ತಿರಸ್ಕೃತವಾದರೆ, ಮೊದಲು ಜಮೆ ತೋರಿಸಿದ ಹಣವನ್ನೂ ಬ್ಯಾಂಕ್ ಹಿಂದಕ್ಕೆ ಪಡೆಯುತ್ತದೆ. ಮೂರು, ಹಣ ನಿಜ, ಆದರೆ ಅದು ಇನ್ನೊಬ್ಬರಿಂದ ಕದ್ದದ್ದು. ಹಣ ಕಳೆದುಕೊಂಡವರು ದೂರು ಕೊಟ್ಟಾಗ ಆ ಹಣ ಹಾದುಹೋದ ಖಾತೆಗಳನ್ನು ಪೊಲೀಸರು ತಡೆಹಿಡಿಯಬಹುದು, ಆ ಸಾಲಿನಲ್ಲಿ ನಿಮ್ಮ ಖಾತೆಯೂ ಬರುತ್ತದೆ. ಕೊಯ್ಲಿನ ಸಮಯದಲ್ಲಿ ಆಳಿನ ಸಂಬಳ ಕೊಡಲು ಹೋದಾಗ ಖಾತೆ ಬಂದ್ ಆಗಿದ್ದರೆ ಏನು ಗತಿ?

ಹೆಚ್ಚುವರಿ ಹಣ ಬಂದರೆ ಮುಟ್ಟಬೇಡಿ. ಬ್ಯಾಂಕ್ ಶಾಖೆಗೆ ಲಿಖಿತವಾಗಿ ತಿಳಿಸಿ, ಬಂದ ಖಾತೆಗೇ ಬ್ಯಾಂಕ್ ಮೂಲಕ ವಾಪಸ್ ಹೋಗುವಂತೆ ಮಾಡಿ. ಒಂದು ಗುರುತು ನೆನಪಿಡಿ: ವಿದೇಶದಿಂದ ಬರುವ ಹಣದಲ್ಲಿ ನಡುವಿನ ಬ್ಯಾಂಕ್‌ಗಳ ಶುಲ್ಕ ಕಳೆದು ತುಸು ಕಡಿಮೆ ಬರುವುದು ಸಹಜ. ಬಹಳ ಹೆಚ್ಚು ಬಂದರೆ ಅನುಮಾನಿಸಿ.

ನಂಬಿಕೆ 4: ಯಾವ ಖಾತೆಗಾದರೂ ವಿದೇಶದಿಂದ ಹಣ ಬರುತ್ತದೆ

ಇಲ್ಲ. ನಮ್ಮಲ್ಲಿ ಅನೇಕರ ವ್ಯವಹಾರ ಊರಿನ ಸೇವಾ ಸಹಕಾರಿ ಸಂಘದಲ್ಲೇ ನಡೆಯುತ್ತದೆ. ಸಂಘದ ಉಳಿತಾಯ ಖಾತೆಗೆ ವಿದೇಶದಿಂದ ನೇರವಾಗಿ ಹಣ ಬರುವುದಿಲ್ಲ. ವಿದೇಶಿ ವಿನಿಮಯದ ಅಧಿಕಾರವಿರುವ ಬ್ಯಾಂಕ್‌ನ ಖಾತೆ ಬೇಕು. ಸಾಧ್ಯವಾದರೆ ಬಾಡಿಗೆಗೆಂದೇ ಪ್ರತ್ಯೇಕ ಖಾತೆ ಇಟ್ಟುಕೊಳ್ಳಿ, ಏನಾದರೂ ತೊಡಕಾದರೂ ಉಳಿದ ಹಣ ಬೇರೆ ಕಡೆ ಇರುತ್ತದೆ.

ಸರಿಯಾದ ಕ್ರಮ ಯಾವುದು?

• ನೀವೇ ಬಾಡಿಗೆದಾರರಾಗಿದ್ದರೆ ಮೊದಲು ಮನೆ ಮಾಲೀಕರ ಲಿಖಿತ ಒಪ್ಪಿಗೆ ಪಡೆಯಿರಿ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಅನ್ವಯವಾಗುವ ಕಡೆ, ಒಪ್ಪಿಗೆಯಿಲ್ಲದ ಒಳಬಾಡಿಗೆ ನಿಮ್ಮನ್ನೇ ಮನೆಯಿಂದ ಬಿಡಿಸಲು ಕಾರಣವಾಗಬಹುದು.

• ವಿಡಿಯೊ ಕರೆಯಲ್ಲಿ ಮಾತಾಡಿ. ಪಾಸ್‌ಪೋರ್ಟ್, ವೀಸಾ ಪ್ರತಿ ಪಡೆಯಿರಿ. ಕರಾರು ಪತ್ರದಲ್ಲಿ ಬಾಡಿಗೆಯನ್ನು ರೂಪಾಯಿಯಲ್ಲೇ ಬರೆಯಿರಿ, ಬ್ಯಾಂಕ್ ಶುಲ್ಕ ಯಾರದ್ದು ಎಂಬುದನ್ನೂ ಸೇರಿಸಿ.

• ಹಣ ಕಳಿಸುವವರ ಹೆಸರು ಪಾಸ್‌ಪೋರ್ಟ್‌ನಲ್ಲಿರುವ ಹೆಸರೇ ಆಗಿರಲಿ. ‘ನನ್ನ ಭಾರತದ ಪರಿಚಯದವರು ಹಾಕುತ್ತಾರೆ’ ಎಂದರೆ ಒಪ್ಪಬೇಡಿ.

• ಕೊಡಬೇಕಾದದ್ದು: ಖಾತೆಯಲ್ಲಿರುವಂತೆ ಹೆಸರು, ಖಾತೆ ಸಂಖ್ಯೆ, ಶಾಖೆಯ ವಿಳಾಸ ಮತ್ತು ಸ್ವಿಫ್ಟ್ ಕೋಡ್. ಸ್ವಿಫ್ಟ್ ಕೋಡ್ 8 ಅಥವಾ 11 ಅಕ್ಷರಗಳದ್ದು, ಅದು ಐಎಫ್‌ಎಸ್‌ಸಿ ಅಲ್ಲ. ಎಲ್ಲ ಶಾಖೆಗಳಿಗೂ ಅದು ಇರುವುದಿಲ್ಲ, ಬ್ಯಾಂಕ್‌ನಲ್ಲಿ ಕೇಳಿ. ಕೊಡಬಾರದ್ದು: ಪಿನ್, ಒಟಿಪಿ, ಕಾರ್ಡಿನ ಫೋಟೊ.

• ಹಣ ಯಾತಕ್ಕೆ ಎಂದು ಬ್ಯಾಂಕ್ ಕೇಳಿದರೆ ಮನೆ ಬಾಡಿಗೆ ಎಂದು ನಿಜವನ್ನೇ ಹೇಳಿ, ಕರಾರಿನ ಪ್ರತಿ ತೋರಿಸಿ. ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ಪತ್ರ ಪಡೆದು ಇಟ್ಟುಕೊಳ್ಳಿ.

• ಡಾಲರ್ ನೋಟನ್ನು ಕೈಯಲ್ಲಿ ಕೊಡಲು ಬಂದರೆ, ಅಧಿಕೃತ ಮನಿ ಚೇಂಜರ್ ಅಥವಾ ಬ್ಯಾಂಕ್‌ನಲ್ಲಿ ಅವರೇ ರೂಪಾಯಿಗೆ ಬದಲಿಸಿ ಕೊಡಲಿ.

• ಜಮೆಯಾಗಿದೆಯೇ ಎಂಬುದನ್ನು ಮೆಸೇಜ್‌ನಲ್ಲಿ ಅಲ್ಲ, ಬ್ಯಾಂಕ್ ಆ್ಯಪ್‌ನಲ್ಲಿ ಅಥವಾ ಪಾಸ್‌ಬುಕ್‌ನಲ್ಲಿ ನೋಡಿ. ಅಲ್ಲಿಯವರೆಗೆ ಕೀಲಿಕೈ ಕೊಡಬೇಡಿ. ವಿದೇಶಿ ವರ್ಗಾವಣೆಗೆ ಕೆಲವು ದಿನ ಹಿಡಿಯುವುದುಂಟು.

• ವಿದೇಶಿ ಪೌರರು ಬಂದಿಳಿದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸುವುದು ಮನೆ ಕೊಟ್ಟವರ ಹೊಣೆ. ‘ಫಾರ್ಮ್ ಸಿ’ ಎಂದು ರೂಢಿಯಲ್ಲಿರುವುದು ಇದೇ. ತಿಳಿಯದಿದ್ದರೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಕೇಳಿ.

ಮೋಸ ಹೋದರೆ?

ನಾಚಿಕೆಯಿಂದ ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕ್‌ಗೂ ತಿಳಿಸಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಹಣ ವಂಚಕರ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲೇ ತಡೆಯುವುದು ಈ ವ್ಯವಸ್ಥೆಯ ಉದ್ದೇಶ. ಹಾಗಾಗಿ ಮೊದಲ ಒಂದೆರಡು ಗಂಟೆ ಬಹಳ ಮುಖ್ಯ. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಸಿಗುವ ಜಾಗಕ್ಕೆ ಹೋಗಿಯಾದರೂ ಕರೆ ಮಾಡಿ. ಮೆಸೇಜ್, ಕ್ಯೂಆರ್ ಕೋಡ್, ಫೋನ್ ನಂಬರ್ ಯಾವುದನ್ನೂ ಅಳಿಸಬೇಡಿ, ಅವೇ ಸಾಕ್ಷ್ಯ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ: ಹಣ ಬರುವುದಕ್ಕೆ ಪಿನ್ ಬೇಡ, ಮುಂಗಡ ಶುಲ್ಕ ಬೇಡ, ಹೆಚ್ಚು ಬಂದ ಹಣ ಬ್ಯಾಂಕ್ ಮೂಲಕವೇ ವಾಪಸ್, ಮೋಸವಾದರೆ 1930.